ಸತ್ತರೆ ಸೈಟು, ಉಳಿದರೆ ಗೇಟು

ನಗುವುದಕ್ಕೂ ಜಾತಿಯಿದೆ, ವರ್ಗವಿದೆ ಎಂದರೆ ನಮ್ಮ ವಿದ್ವಾಂಸರು ಮೂಗು ಮುರಿಯುತ್ತಾರೆ. ನವರಸಗಳಲ್ಲಿ ಹಾಸ್ಯವೂ ಒಂದು, ಅದು ಮನುಷ್ಯರೆಲ್ಲರಿಗೂ ಸೇರಿದ್ದು ಎನ್ನುತ್ತಾರೆ. ಸೇರಿದ್ದಿರಲಿ. ನಕ್ಕಿದ್ದಕ್ಕೆ ದಂಡ ಕಟ್ಟುವವರು ಯಾರು ಎಂದು ಲೆಕ್ಕ ತೆಗೆದು ನೋಡಿ, ಒಂದೇ ಕಡೆಯ ಜನ ಸಾಲಾಗಿ ನಿಂತಿರುತ್ತಾರೆ. ಊರ ಯಜಮಾನ ಅರಳಿಕಟ್ಟೆ ಮೇಲೆ ಕೂತು ಹೊಲಗೇರಿಯವರ ಬಗ್ಗೆ ಆಡಿದರೆ ಅದು ವಿನೋದ. ಹೊಲಗೇರಿಯ ಕೂಲಿಯವನು ಯಜಮಾನನ ಬಗ್ಗೆ ಆಡಿದರೆ ಅದು ಕೊಬ್ಬು. ಮೊದಲನೆಯದಕ್ಕೆ ಚಪ್ಪಾಳೆ, ಎರಡನೆಯದಕ್ಕೆ ಚಪ್ಪಲಿ.

ಈ ಲೆಕ್ಕವನ್ನು ಇಲ್ಲಿ ಸಿಪಾಯಿಯ ನಗುವಿಗೆ ಹಚ್ಚಿ ನೋಡಬೇಕೆಂದಿದ್ದೇನೆ. ಸಾವನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುವವನು ಆ ಸಾವಿನ ಮೇಲೆಯೇ ಜೋಕು ಮಾಡುತ್ತಾನೆ. ವಿಮರ್ಶಕರು ಇದಕ್ಕೆ ಕಪ್ಪು ಹಾಸ್ಯ ಎಂದು ಹೆಸರಿಟ್ಟಿದ್ದಾರೆ. ಕಂಡರಾಗದ್ದಕ್ಕೆಲ್ಲ ಕಪ್ಪು ಎಂದು ಹೆಸರಿಡುವುದು ನಮಗೇನೂ ಹೊಸದಲ್ಲ. ಈ ನಗು ಅವನ ಬಾಯಿಂದ ಜೊತೆಗಾರನ ಕಿವಿಗೆ ಹೋಗುವಷ್ಟು ದಿನ ಔಷಧಿ. ಫೋನಿನೊಳಗೆ ಹೊಕ್ಕು ಊರೂರು ತಿರುಗಲು ಹೊರಟ ದಿನ ಅದೇ ವಿಷವಾಗುತ್ತದೆ. ಕುಡಿಯಬೇಕಾದವನು ಮಾತ್ರ ಅವನೇ.

ನಮ್ಮ ಚಿಕ್ಕಪ್ಪ 1988ರಲ್ಲಿ ಮಿಲಿಟರಿ ಸೇರಿದ. ಮಾಗಡಿ ತಾಲ್ಲೂಕಿನ ನಮ್ಮ ಕೇರಿಯಿಂದ ಹಾಗೆ ಹೋದವರಲ್ಲಿ ಅವನೇ ಮೊದಲು. ಹಲಸೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ತರಬೇತಿಯಾಗಿ ಸ್ಯಾಪರ್ ಆದ. ಸ್ಯಾಪರ್ ಎಂದರೆ ಸೇತುವೆ ಕಟ್ಟುವವನು, ರಸ್ತೆ ಮಾಡುವವನು, ನೆಲಬಾಂಬು ಹೂಳುವವನು, ಹೂತಿದ್ದನ್ನು ಹುಡುಕಿ ತೆಗೆಯುವವನು. ‘ಮಣ್ಣು ಕೆಲ್ಸ ಕಣಪ್ಪ. ಊರಲ್ಲೂ ಅದ್ನೇ ಮಾಡ್ತಿದ್ವಿ. ಅಲ್ಲಿ ಮೈಮೇಲೆ ಒಂದು ಯೂನಿಫಾರಂ ಹಾಕಿ ಮಾಡ್ಸುದ್ರು’ ಎನ್ನುತ್ತಿದ್ದ. 17 ವರ್ಷ ದುಡಿದು 2005ರಲ್ಲಿ ನಾಯಕ್ ಆಗಿ ಹೊರಬಂದ. ಬಂದ ಆರು ತಿಂಗಳಿಗೆ ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಕಾವಲು ನಿಂತ.

ರಾಜಾಜಿನಗರದಿಂದ ವಿಜಯನಗರಕ್ಕೆ, ಅಲ್ಲಿಂದ ಕೆಂಗೇರಿ ಉಪನಗರಕ್ಕೆ ಒಂದು ದಿನ ಬಾಗಿಲುಗಳನ್ನು ನೋಡುತ್ತಾ ಹೋಗಿ. ಬ್ಯಾಂಕಿನ ಬಾಗಿಲು, ಆಸ್ಪತ್ರೆಯ ಬಾಗಿಲು, ಕಲ್ಯಾಣಮಂಟಪದ ಬಾಗಿಲು, ಅಪಾರ್ಟ್‌ಮೆಂಟಿನ ಬಾಗಿಲು. ಬೆನ್ನು ನೆಟ್ಟಗೆ, ಬೂಟು ಮಿರಿಮಿರಿ ಇದ್ದವನು ಕಂಡರೆ ಮಾಜಿ ಸೈನಿಕನೆಂದು ತಿಳಿಯಿರಿ. ದೇಶದ ಗಡಿ ಕಾಯ್ದವನು ಈಗ ಯಾರದೋ ಕಾರು ಕಾಯುತ್ತಾನೆ. ನಾವು ಪಠ್ಯಪುಸ್ತಕದಲ್ಲಿ ಮಕ್ಕಳಿಗೆ ವೀರಯೋಧನ ಪಾಠ ಹೇಳಿ ಮನೆಗೆ ಬರುವಾಗ, ಆ ವೀರಯೋಧ ಎದ್ದು ನಿಂತು ನಮಗೆ ಗೇಟು ತೆಗೆಯುತ್ತಾನೆ.

*

ಚಿಕ್ಕಪ್ಪನ ಜೋಕುಗಳೆಲ್ಲ ಆಪರೇಷನ್ ಪರಾಕ್ರಮ್ ಕಾಲದವು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಆಮೇಲೆ ಸುಮಾರು ಹತ್ತು ತಿಂಗಳು ಎರಡು ದೇಶಗಳ ಲಕ್ಷಾಂತರ ಸಿಪಾಯಿಗಳು ಗಡಿಯ ಎರಡು ಕಡೆ ಮುಖಕ್ಕೆ ಮುಖ ಕೊಟ್ಟು ನಿಂತರು. ಯುದ್ಧ ಆಗಲೇ ಇಲ್ಲ. ಆಗದ ಯುದ್ಧಕ್ಕಾಗಿ ಪಂಜಾಬಿನ ಗೋಧಿ ಹೊಲಗಳಲ್ಲಿ, ರಾಜಸ್ಥಾನದ ಮರಳಿನಲ್ಲಿ ನೆಲಬಾಂಬು ಹೂಳಿದರು. 2002ರ ಅಕ್ಟೋಬರಿನಲ್ಲಿ ಸೈನ್ಯ ವಾಪಸ್ಸು ಎಂದಾಯಿತು. ಹೂತಿದ್ದನ್ನೆಲ್ಲ ತೆಗೆಯಬೇಕಾಯಿತು. ಹೂಳುವಾಗಲೂ ಸತ್ತರು, ತೆಗೆಯುವಾಗಲೂ ಸತ್ತರು. ಘೋಷಣೆಯೇ ಆಗದ ಆ ಯುದ್ಧದಲ್ಲಿ ಜೀವ ಬಿಟ್ಟವರು, ಕೈಕಾಲು ಬಿಟ್ಟವರು ನೂರಾರು ಮಂದಿ.

ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಚಹಾ ಕುಡಿಯುವಾಗ ಒಬ್ಬರಿಗೊಬ್ಬರು ಸಾಲ ವಾಪಸ್ ಕೇಳುತ್ತಿದ್ದರಂತೆ. ‘ಸಾಯಂಕಾಲ ಕೊಡ್ತೀನಿ’ ಎಂದವನಿಗೆ, ‘ಸಾಯಂಕಾಲಕ್ಕೆ ನಿನ್ನ ಕೈ ಎಲ್ಲಿರ್ತದೋ, ನನ್ನ ಜೇಬು ಎಲ್ಲಿರ್ತದೋ, ಈಗ್ಲೇ ಕೊಟ್ಬುಡು’ ಎನ್ನುತ್ತಿದ್ದರಂತೆ. ಬೂಟಿಗೆ ಪಾಲಿಶ್ ಹಾಕುತ್ತಿದ್ದವನಿಗೆ, ‘ಎರಡಕ್ಕೂ ಯಾಕ್ಲಾ ಹಾಕ್ತೀಯ, ಒಂದಕ್ಕೆ ಹಾಕು, ಇನ್ನೊಂದು ನೋಡ್ಕಂಡು ಹಾಕಿದ್ರಾಯ್ತು’ ಎನ್ನುತ್ತಿದ್ದರಂತೆ. ಇದನ್ನು ಹೇಳಿಕೊಂಡು ಚಿಕ್ಕಪ್ಪ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ಚಿಕ್ಕಮ್ಮ ‘ಥೂ, ನಿಮ್ಮ ಬಾಯಿಗೆ ಮಣ್ಣಾಕ’ ಎಂದು ಎದ್ದು ಹೋಗುತ್ತಿದ್ದಳು.

ಒಂದು ದಿನ ಅವಳು ಹಾಗೆ ಎದ್ದು ಹೋದ ಮೇಲೆ ನನಗೆ ಹೇಳಿದ:

‘ನೋಡು ಮಗಾ, ಭಯ ಹೊಟ್ಟೇಲಿ ಕೂತ್ಕಂಡ್ರೆ ಕೈ ನಡುಗ್ತದೆ. ಕೈ ನಡುಗಿದ್ರೆ ಮೈನು ಸಿಡೀತದೆ. ಅದುಕ್ಕೇ ನಗ್ತಿದ್ದೋ. ನೆಲ ಚುಚ್ಚಿ ನೋಡಕ್ಕೆ ಒಂದು ಕಡ್ಡಿ ಕೊಟ್ಟಿರ್ತಾರಲ್ಲ, ಹಂಗೇ ಇದೂ ಒಂದು ಸಾಮಾನು.’

ಹಾಸ್ಯ ಎಂದರೇನು ಎಂಬ ಬಗ್ಗೆ ನಾನು ಕಾಲೇಜಿನಲ್ಲಿ ನೋಟ್ಸು ಬರೆದುಕೊಂಡಿದ್ದೇನೆ. ಇಷ್ಟು ಸರಿಯಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗೆಂದು ದಂಡಿನ ಒಳಗಿನ ನಗುವೆಲ್ಲ ಗಂಗಾಜಲ ಎಂದು ನಾನು ಹೇಳುತ್ತಿಲ್ಲ. ಅವನ ಗುಂಪಿನಲ್ಲೇ ಒಬ್ಬನಿದ್ದನಂತೆ. ಪಾಯಿಖಾನೆ ಕಟ್ಟಿಕೊಂಡರೆ ಸಾಕು, ‘ಕರೀರಪ್ಪ ಅವನ್ನ, ಅವರ ಮನೆತನದ ವಿದ್ಯೆ’ ಎಂದು ನಗುತ್ತಿದ್ದನಂತೆ. ಸುತ್ತ ನಿಂತವರೂ ನಗುತ್ತಿದ್ದರಂತೆ. ನಾನು ಕೇಳಿದೆ, ‘ಅದೂ ಜೋಕು, ಇದೂ ಜೋಕು. ಏನು ವ್ಯತ್ಯಾಸ ಚಿಕ್ಕಪ್ಪ?’ ಅವನು ಬೀಡಿ ಆರಿಸಿ ಹೇಳಿದ: ‘ಮೈನಿನ ಜೋಕು ಎಲ್ಲರ ಕಾಲಿಗೂ ಸಮ ಕಣೋ. ಈ ಜೋಕು ನನ್ನ ಒಬ್ಬನ ಕಾಲಿಗೇ.’

ಇದನ್ನು ನಮ್ಮ ವಿದ್ಯಾರ್ಥಿ ಗೆಳೆಯರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಎಲ್ಲರೂ ಸಾಯಬಹುದಾದ ಜಾಗದಲ್ಲಿ ಎಲ್ಲರೂ ಸೇರಿ ನಕ್ಕರೆ ಅದು ಧೈರ್ಯ. ಒಬ್ಬನನ್ನೇ ಹಿಡಿದು ಎಲ್ಲರೂ ನಕ್ಕರೆ ಅದು ಊರಬೀದಿಯೇ ಯೂನಿಫಾರಂ ತೊಟ್ಟು ಬಂದದ್ದು. ಎರಡನ್ನೂ ಒಂದೇ ಡಬ್ಬಿಗೆ ಹಾಕಿ ‘ಸೈನಿಕರ ಹಾಸ್ಯ’ ಎಂದು ಚೀಟಿ ಅಂಟಿಸುವುದು ಮೋಸ.

ನಮ್ಮವರ ಪಾಲಿಗೆ ಸೈನ್ಯದ ಚರಿತ್ರೆಯೇ ಒಂದು ದೊಡ್ಡ ಕಪ್ಪು ಜೋಕು. 1818ರ ಜನವರಿ 1ರಂದು ಭೀಮಾ ಕೋರೆಗಾಂವದಲ್ಲಿ ಮಹಾರರು ಕಂಪನಿಯ ಪಡೆಯಲ್ಲಿ ನಿಂತು ಪೇಶ್ವೆಯ ಸೈನ್ಯವನ್ನು ತಡೆದರು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಅದೇ ಸೈನ್ಯದಲ್ಲಿ ಸುಬೇದಾರರಾಗಿದ್ದರು. 1890ರ ದಶಕದಲ್ಲಿ ಬ್ರಿಟಿಷರಿಗೆ ಇದ್ದಕ್ಕಿದ್ದಂತೆ ‘ಯುದ್ಧವೀರ ಜಾತಿ’ಗಳ ಶಾಸ್ತ್ರ ಹೊಳೆದು ಮಹಾರರ ಭರ್ತಿ ನಿಂತಿತು. ಮೊದಲ ಮಹಾಯುದ್ಧದಲ್ಲಿ ಹೆಣ ಬೀಳತೊಡಗಿದಾಗ ಮತ್ತೆ ಕರೆದು 1917ರಲ್ಲಿ ಒಂದು ಮಹಾರ್ ಪಲ್ಟನ್ನು ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನು ಮುಚ್ಚಿದರು. ಎರಡನೆಯ ಮಹಾಯುದ್ಧ ಬಂತು, ಅಂಬೇಡ್ಕರರು ಒತ್ತಾಯ ಹಾಕಿದರು, 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ನು ನಮ್ಮ ಬೆಳಗಾವಿಯಲ್ಲೇ ಹುಟ್ಟಿತು. ಸಾಯುವವರು ಬೇಕಾದಾಗ ಮುಟ್ಟಬಹುದು, ಬದುಕುವವರಾದಾಗ ಮುಟ್ಟಬಾರದು. ಇದಕ್ಕಿಂತ ದೊಡ್ಡ ಹಾಸ್ಯವನ್ನು ಯಾವ ಸಿಪಾಯಿ ಬರೆದಾನು?

*

ಸಿಪಾಯಿಯ ನಗುವನ್ನು ಮೇಲಿನವರು ಕದ್ದು ಕೇಳುವುದು ಫೋನು ಬಂದ ಮೇಲೆ ಶುರುವಾದದ್ದಲ್ಲ. 1914ರಲ್ಲಿ ನಮ್ಮ ದೇಶದ ಸಿಪಾಯಿಗಳನ್ನು ಹಡಗಿನಲ್ಲಿ ತುಂಬಿ ಫ್ರಾನ್ಸಿಗೆ ಒಯ್ದರು. ಅವರು ಊರಿಗೆ ಬರೆದ ಕಾಗದಗಳನ್ನು ಒಡೆದು ಓದಲು ಒಂದು ಕಚೇರಿಯನ್ನೇ ತೆರೆದರು. ಆಗ ಸಿಪಾಯಿಗಳು ಒಂದು ಉಪಾಯ ಮಾಡಿದರು. ಕರಿಮೆಣಸು ಖರ್ಚಾಗುತ್ತಾ ಬಂತು, ಕೆಂಪುಮೆಣಸು ಇದೆ ಎಂಬಂಥ ಅಡುಗೆಮನೆ ಸುದ್ದಿ ಬರೆದರು. ಕರಿಮೆಣಸು ಎಂದರೆ ನಮ್ಮವರು, ಕೆಂಪುಮೆಣಸು ಎಂದರೆ ಬಿಳಿಯರು. ತಮ್ಮ ಹೆಣಗಳನ್ನೇ ಸಾಂಬಾರ ಡಬ್ಬಿಯ ಲೆಕ್ಕಕ್ಕೆ ತಂದ ಆ ನಗುವಿನಲ್ಲಿ ಊರಿನವರಿಗೆ ಎಚ್ಚರಿಕೆಯೂ ಇತ್ತು. ಕಾಗದ ಓದುವ ಅಧಿಕಾರಿಗಳು ಇದನ್ನೂ ಬಿಡಿಸಿ ಅರ್ಥ ಮಾಡಿಕೊಂಡು ವರದಿಗೆ ಸೇರಿಸಿದರು.

ಅದೇ ಯುದ್ಧದಲ್ಲಿ, ನಮ್ಮವರೂ ಕಾದಿದ್ದ ಬೆಲ್ಜಿಯಂನ ಈಪ್ರ ಎಂಬ ಊರಿನಲ್ಲಿ, 1916ರಲ್ಲಿ ಇಂಗ್ಲಿಷ್ ಅಧಿಕಾರಿಗಳಿಬ್ಬರು ಪಾಳುಬಿದ್ದ ಅಚ್ಚಿನ ಯಂತ್ರವೊಂದನ್ನು ಸರಿಮಾಡಿಕೊಂಡು ‘ವೈಪರ್ಸ್ ಟೈಮ್ಸ್’ ಎಂಬ ಪತ್ರಿಕೆ ತೆಗೆದರು. ನಮ್ಮ ಈ ಪತ್ರಿಕೆಯ ಹಾಗೇ ಬಡಕಲು ಪತ್ರಿಕೆ. ತುಂಬ ಸಾವಿನ ಜೋಕು, ಹುಸಿ ಜಾಹೀರಾತು, ಮೇಲಧಿಕಾರಿಗಳ ಗೇಲಿ. ಇಂದು ಅದನ್ನು ಸಾಹಿತ್ಯವೆಂದು ಪುಸ್ತಕ ಮಾಡಿ ಮಾರುತ್ತಾರೆ. ಅಧಿಕಾರಿಯ ನಗು ಅಚ್ಚಾಯಿತು. ಸಿಪಾಯಿಯ ನಗು ವರದಿಯಾಯಿತು. ನಗುವಿಗೆ ವರ್ಗವಿದೆ ಎಂದು ಮೊದಲೇ ಹೇಳಿದ್ದು ಇದಕ್ಕೇ.

*

ಈಗ 2019ಕ್ಕೆ ಬರೋಣ. ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಸತ್ತರು. ಅವರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು ಒಬ್ಬ. ಬೆಂಗಳೂರಿನ ಬೀದಿಬೀದಿಗಳಲ್ಲಿ ಮೇಣದಬತ್ತಿ, ಫ್ಲೆಕ್ಸು, ಘೋಷಣೆ. ಸತ್ತವರ ಮನೆಯವರಿಗೆ ಹಣ, ಕೆಲಸ, ಜಮೀನು, ಸೈಟು ಕೊಡುವ ಮಾತುಗಳು ಎಲ್ಲ ಕಡೆಯಿಂದ ಬಂದವು.

ಚಿಕ್ಕಪ್ಪನಿಗೆ ಒಂದು ವಾಟ್ಸಾಪ್ ಗುಂಪಿತ್ತು. ಅವನ ಕಂಪನಿಯ ಹಳಬರು ಮೂವತ್ತು ಜನ. ಹೆಚ್ಚಿನವರು ನಿವೃತ್ತರು. ಅವನ ಕೈಕೆಳಗೆ ಕೆಲಸ ಕಲಿತ ಮೂರು ನಾಲ್ಕು ಹುಡುಗರು ಇನ್ನೂ ಸೇವೆಯಲ್ಲಿದ್ದರು. ಅಂದು ಎರಡು ದಿನ ಆ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಒಬ್ಬ ಪರಿಹಾರದ ಸುದ್ದಿ ಹಾಕಿದ. ಅದರ ಕೆಳಗೆ ಚಿಕ್ಕಪ್ಪ ಬರೆದ:

‘ಸತ್ತರೆ ಸೈಟು, ಉಳಿದರೆ ಗೇಟು. ಯಡವಟ್ಟಾಯ್ತು ಕಣ್ರಪ್ಪ, ಉಳ್ಕಂಬುಟ್ವಿ.’

ಮೂವತ್ತು ಜನರಲ್ಲಿ ಅರ್ಧಕ್ಕರ್ಧ ಜನ ಅಂದು ಯಾವುದೋ ಗೇಟಿನಲ್ಲಿ ನಿಂತೇ ಅದನ್ನು ಓದಿದರು. ಕೆಳಗೆ ಸಾಲಾಗಿ ನಗುವ ಮುಖದ ಚಿತ್ರಗಳು ಬಂದವು. ಎರಡು ದಿನ ಕಟ್ಟಿಕೊಂಡಿದ್ದ ಉಸಿರು ಬಿಟ್ಟಂತಾಯಿತು ಎಂದು ಅವರಲ್ಲೊಬ್ಬ ಆಮೇಲೆ ನನಗೆ ಹೇಳಿದ.

ಆ ಗುಂಪಿನ ಒಬ್ಬರ ಮಗ ಕಾಲೇಜು ಹುಡುಗ. ಅಪ್ಪನ ಫೋನಿನಲ್ಲಿ ಇದನ್ನು ನೋಡಿದ. ಅವನಿಗೆ ಹೆಮ್ಮೆಯಾಯಿತು. ನಮ್ಮ ಸೈನಿಕರು ಸಾವಿಗೂ ಹೆದರುವುದಿಲ್ಲ ನೋಡ್ರೋ ಎಂದು ಅದರ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಿದ. ಹುಡುಗನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಲ್ಲಿಂದ ಅದು ಎರಡು ಕೈ ದಾಟಿತು. ಮೂರನೆಯ ಕೈಯಲ್ಲಿ ಮೇಲಿದ್ದ ಹೆಮ್ಮೆಯ ಮಾತು ಉದುರಿಹೋಯಿತು. ನಾಲ್ಕನೆಯ ಕೈಯಲ್ಲಿ ‘ಹುತಾತ್ಮರನ್ನು ಗೇಲಿ ಮಾಡುವ ದೇಶದ್ರೋಹಿ ವಾಚ್‌ಮನ್’ ಎಂಬ ತಲೆಬರಹ ಬಂದು ಕೂತಿತು. ಹೆಸರು, ಫೋನ್ ನಂಬರು ಎಲ್ಲ ಹಾಗೇ ಇತ್ತು. ಹೊಗಳಿಕೆಗೂ ಗಲ್ಲಿಗೂ ನಡುವೆ ಇದ್ದದ್ದು ಮೂರು ಹೆಬ್ಬೆರಳು.

ಮಾರನೆಯ ಸಂಜೆ ಅಪಾರ್ಟ್‌ಮೆಂಟಿನ ನಾಲ್ಕು ಜನ ಗೇಟಿಗೆ ಇಳಿದು ಬಂದರು.

‘ಏನಯ್ಯಾ, ಹುತಾತ್ಮರಿಗೆ ಅವಮಾನ ಮಾಡಿದ್ದೀಯಂತೆ?’

‘ಸಾರ್, ಹುತಾತ್ಮ ಆಗೋ ಕ್ಯೂನಲ್ಲಿ ಹದಿನೇಳು ವರ್ಷ ನಿಂತಿದ್ದವನು ನಾನು. ಮುಂದೆ ಹೋದವನ ಮೇಲೆ ನನಗೇನು ಸಾರ್ ಸಿಟ್ಟು?’

ಅವರಿಗೆ ಅದು ಅರ್ಥವಾಗಲಿಲ್ಲ. ವಾಪಸ್ ಹೋಗುವಾಗ ಒಬ್ಬರು ಇನ್ನೊಬ್ಬರಿಗೆ, ‘ಕೋಟಾದಲ್ಲಿ ಸೇರಿಕೊಂಡವರಿಗೆ ದೇಶಭಕ್ತಿ ಎಲ್ಲಿಂದ ಬರಬೇಕು’ ಎಂದದ್ದು ಅವನ ಕಿವಿಗೆ ಬಿತ್ತು. ಸೇನೆಯ ಭರ್ತಿಯಲ್ಲಿ ಮೀಸಲಾತಿಯೇ ಇಲ್ಲ. ಅಷ್ಟೂ ತಿಳಿಯದವರು ಹದಿನಾಲ್ಕು ವರ್ಷ ಅವನ ಸೆಲ್ಯೂಟು ತೆಗೆದುಕೊಂಡು ಒಳಗೆ ಹೋಗಿದ್ದರು. ಆ ರಾತ್ರಿಯೇ ಕಾವಲಿನವರ ಏಜೆನ್ಸಿಯಿಂದ ಫೋನು ಬಂತು. ನಾಳೆಯಿಂದ ಬರಬೇಡ.

ಕೆಲಸ ಹೋದದ್ದಕ್ಕೆ ಅವನು ಅಷ್ಟಾಗಿ ಮಿಡುಕಲಿಲ್ಲ. ‘ಗೇಟಿಗೇನು ಬರ, ಬೆಂಗಳೂರಿನ ತುಂಬ ಗೇಟೇ’ ಎಂದ. ಅವನನ್ನು ತಿಂದದ್ದು ಆ ನಗುವ ಮುಖಗಳು. ಸೇವೆಯಲ್ಲಿದ್ದ ಹುಡುಗರ ಹೆಸರೂ ಆ ಚಿತ್ರದಲ್ಲಿ ಇದ್ದವು. ನಿವೃತ್ತನಾದವನ ಮೇಲೆ ಸೇನಾ ಕಾಯ್ದೆ ನಡೆಯುವುದಿಲ್ಲ. ಸೇವೆಯಲ್ಲಿರುವವನ ಮೇಲೆ ನಡೆಯುತ್ತದೆ. ಒಬ್ಬ ಹುಡುಗನನ್ನು ಅವನ ಅಧಿಕಾರಿ ಕರೆಸಿ ಎರಡು ಗಂಟೆ ನಿಲ್ಲಿಸಿ ವಿಚಾರಿಸಿದ. ಫೋನು ಇಸಿದುಕೊಂಡರು. ತಂಗಿಯ ಮದುವೆಗೆ ಸಿಕ್ಕಿದ್ದ ರಜ ರದ್ದಾಯಿತು. ನಗುವ ಮುಖದ ಒಂದು ಚಿತ್ರ ಒತ್ತಿದ್ದಕ್ಕೆ.

ಚಿಕ್ಕಪ್ಪ ಗುಂಪನ್ನು ಮುಚ್ಚಿದ. ಜೋಕು ನಿಲ್ಲಿಸಿದ. ಚಿಕ್ಕಮ್ಮನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ದಿಗಿಲಾಯಿತು. ರಾತ್ರಿ ಎದ್ದು ಹಜಾರದಲ್ಲಿ ಓಡಾಡುತ್ತಾನೆ ಎಂದಳು. ಒಂದು ದಿನ ನಾನು ಹೋದಾಗ ಚಹಾ ಲೋಟ ಹಿಡಿದ ಅವನ ಕೈ ನಡುಗುತ್ತಿತ್ತು. ಮೈನಿನ ಮೇಲೆ 17 ವರ್ಷ ನಡುಗದ ಕೈ ಅದು.

*

ಕಾನೂನಿನ ಮಾತನ್ನೂ ಇಲ್ಲಿ ಆಡಿಬಿಡಬೇಕು. ನಮ್ಮ ಹುಡುಗರಿಗೆ ಇದು ತಿಳಿದಿರಬೇಕು.

ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಶಿಸ್ತಿಗೆ ಭಂಗ ತಂದ ಯಾವ ನಡತೆಗಾದರೂ ಏಳು ವರ್ಷದವರೆಗೆ ಸಜೆ ಕೊಡಬಹುದು. ಜೋಕು ಶಿಸ್ತಿನ ಒಳಗೋ ಹೊರಗೋ ಎಂದು ತೀರ್ಮಾನಿಸುವವರು ಜೋಕಿಗೆ ಗುರಿಯಾದ ಮೇಲಿನವರೇ. 2020ರ ಜುಲೈನಲ್ಲಿ ಸೇನೆ ತನ್ನ ಸಿಬ್ಬಂದಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿಹಾಕಲು ಆದೇಶಿಸಿತು. ಒಬ್ಬ ಲೆಫ್ಟಿನೆಂಟ್ ಕರ್ನಲ್ ದಿಲ್ಲಿ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಇದಕ್ಕೆ ಕಾರಣವೇ ಇಲ್ಲ ಎಂದು ನಾನು ಹೇಳಲಾರೆ. ಜೋಕಿನ ಜೊತೆಗೆ ಹೋಗುವ ಚಿತ್ರದಲ್ಲಿ ಹಿಂದಿನ ಬೆಟ್ಟ ಕಾಣುತ್ತದೆ, ಸೇತುವೆ ಕಾಣುತ್ತದೆ, ಭುಜದ ಪಟ್ಟಿ ಕಾಣುತ್ತದೆ. ಅದನ್ನು ನೋಡಲು ಕಾದು ಕೂತವರಿದ್ದಾರೆ. ನಕ್ಕವನ ಜೊತೆಗೆ ಪಕ್ಕದವನ ಜೀವವೂ ಹೋಗಬಹುದು.

ನಗದೆ ನೇರವಾಗಿ ಹೇಳಿದವರ ಗತಿಯನ್ನೂ ನೋಡಿ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ತೇಜ್ ಬಹಾದೂರ್ ಯಾದವ್ ನೀರುನೀರಾದ ದಾಲನ್ನೂ ಸೀದುಹೋದ ರೊಟ್ಟಿಯನ್ನೂ ವಿಡಿಯೋ ಮಾಡಿ ಹಾಕಿದರು. ಏಪ್ರಿಲ್‌ನಲ್ಲಿ ಅವರನ್ನು ವಜಾ ಮಾಡಿದರು. ಅದೇ ವರ್ಷ ಅಧಿಕಾರಿಗಳ ಮನೆಗೆಲಸಕ್ಕೆ ಸಿಪಾಯಿಗಳನ್ನು ಹಚ್ಚುವ ‘ಸಹಾಯಕ’ ಪದ್ಧತಿಯ ಬಗ್ಗೆ ಕೇರಳದ ಒಬ್ಬ ಲ್ಯಾನ್ಸ್ ನಾಯಕ್ ಆಡಿದ ಮಾತು ಗುಟ್ಟಿನ ಕ್ಯಾಮೆರಾದಲ್ಲಿ ಸೆರೆಯಾಗಿ ಹೊರಬಿತ್ತು. ಮಾರ್ಚ್ ತಿಂಗಳಲ್ಲಿ ದೇವಲಾಲಿಯ ದಂಡಿನಲ್ಲಿ ಅವನ ಹೆಣ ಸಿಕ್ಕಿತು. ಮಾತು ಹೊರಹಾಕಿದವರು ಇನ್ನೊಂದು ಸುದ್ದಿಗೆ ಹೋದರು. ಆಡಿದವನಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಸೈನಿಕನಲ್ಲದವನು ನಕ್ಕರೆ? 2015ರಲ್ಲಿ ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಹೊಡೆದುಹಾಕಿತು. ಇನ್ನು ಏನು ಬರೆದರೂ ನಡೆಯುತ್ತದೆ ಎಂದು ನಮ್ಮ ಕೆಲವು ಹುಡುಗರು ತಿಳಿದಿದ್ದಾರೆ. ಪುಲ್ವಾಮಾದ ಸಾವುಗಳನ್ನು ಗೇಲಿ ಮಾಡಿ ಫೇಸ್‌ಬುಕ್ಕಿನಲ್ಲಿ ಬರೆದ ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಆಗ 19 ವರ್ಷ. 2022ರಲ್ಲಿ ಇಲ್ಲಿನ ವಿಶೇಷ ನ್ಯಾಯಾಲಯ ಅವನಿಗೆ ಐದು ವರ್ಷ ಸಜೆ ಹಾಕಿತು. ಅವನು ಬರೆದದ್ದನ್ನು ನಾನು ಎತ್ತಿಹಿಡಿಯುವುದಿಲ್ಲ. ಅದು ಸಾಲಿನಲ್ಲಿ ನಿಲ್ಲದವನ ನಗು. ಸತ್ತವರ ತಾಯಂದಿರಿಗೆ ಅದು ಗಾಯದ ಮೇಲಿನ ಉಪ್ಪು. ಆದರೆ 19 ವರ್ಷದ ನಾಲಿಗೆಗೆ ಐದು ವರ್ಷದ ಬೀಗ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಂಡೇ ಬೆರಳು ಎತ್ತಬೇಕು. 2024ರ ಜುಲೈಯಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 153ಎ ಈಗ 196ನೇ ಸೆಕ್ಷನ್. ನಂಬರು ಬದಲಾದರೂ ಬಾಗಿಲು ಅದೇ.

*

ಚಿಕ್ಕಪ್ಪ ಮತ್ತೆ ನಕ್ಕದ್ದು 2021ರಲ್ಲಿ. ಅವನನ್ನು ನಗಿಸಿದವನು ಸೈನಿಕನಲ್ಲ. ಅಥವಾ ಸರ್ಕಾರವೇ ಸೈನಿಕ ಎಂದು ಕರೆದವನು.

ಕೊರೊನಾ ಕಾಲದಲ್ಲಿ ಆಸ್ಪತ್ರೆಯವರನ್ನು, ಪೌರಕಾರ್ಮಿಕರನ್ನು ಕೊರೊನಾ ಯೋಧರು ಎಂದರಲ್ಲ. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವು ಸುರಿದವು. ಮರುವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಮಾಗಡಿ ರಸ್ತೆಯ ಸುಮನಹಳ್ಳಿ ಚಿತಾಗಾರದ ಮುಂದೆ, ಕೆಂಗೇರಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದವು. ಚಿಕ್ಕಪ್ಪ ಆಗ ಕಾಮಾಕ್ಷಿಪಾಳ್ಯದ ಒಂದು ಗೋಡೌನಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಬೆಳಗಿನ ಜಾವ ಚಹಾ ಮಾರುವ ಸೈಕಲ್ಲಿನವನ ಹತ್ತಿರ ಚಿತಾಗಾರದ ಕೆಲಸಗಾರನೊಬ್ಬ ಗಂಟುಬಿದ್ದ. ನಮ್ಮ ಜನವೇ. ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ.

‘ಅಣ್ಣೋ, ಬದುಕಿದ್ದಾಗ ನಮ್ಮ ಕೇರಿ ಕಡೆ ತಲೆ ಹಾಕಿ ಮಲಗದೇ ಇದ್ದೋರು ಈಗ ಟೋಕನ್ ತಗಂಡು ನಮ್ಮ ಮುಂದೆ ಮಲಗವ್ರೆ’ ಎಂದನಂತೆ.

ಚಿಕ್ಕಪ್ಪ ಹೇಳಿದನಂತೆ, ‘ನಿಮ್ದೇ ವಾಸಿ ಬಿಡಪ್ಪ, ಇಡೀ ಹೆಣ ಸಿಗ್ತದೆ.’

ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಹೇಳುವಾಗ ಅವನ ಕೈ ನೆಟ್ಟಗಿತ್ತು.

ಅದೇ ಮೇ ತಿಂಗಳಲ್ಲಿ ಚಾಮರಾಜಪೇಟೆಯ ಚಿತಾಗಾರದಲ್ಲಿ ‘ಹೌಸ್ ಫುಲ್’ ಎಂಬ ಬೋರ್ಡು ಬಿತ್ತು. ಅದರ ಚಿತ್ರ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಸಿನಿಮಾ ಥಿಯೇಟರಿನ ಮಾತು ಸುಡುಗಾಡಿಗೆ ಬಂತಲ್ಲ ಎಂದು ಕೆಲವರು ನಕ್ಕರು, ಕೆಲವರು ಉರಿದುಬಿದ್ದರು. ಇಬ್ಬರೂ ಮನೆಯೊಳಗೆ ಕೂತು ನೋಡಿದವರು. ಒಳಗೆ ಬೆಂಕಿಯ ಮುಂದೆ ನಿಂತವನಿಗೆ ಅದು ಜೋಕಾಗಿರಲಿಲ್ಲ, ಅವನ ಪಾಳಿಯ ಲೆಕ್ಕವಾಗಿತ್ತು.

ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾಗಿದ್ದಾಗ ಸುಡುಗಾಡಿನ ಕೆಲಸಗಾರರಿಗೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಹೆಸರಿಟ್ಟರು. ಹಲವರ ಕೆಲಸ ಖಾಯಂ ಮಾಡುವ ಮಾತೂ ಬಂತು. ಖಾಯಂ ಆದದ್ದು ಒಳ್ಳೆಯದೇ. ಹೆಸರಿನ ಬಗ್ಗೆ ಮಾತ್ರ ಚಿಕ್ಕಪ್ಪನ ಆ ಗೆಳೆಯ ಹೇಳಿದ್ದನ್ನು ಬರೆಯುತ್ತೇನೆ: ‘ಕತೇಲಿ ಸುಡುಗಾಡಿನ ಯಜಮಾನ ನಮ್ಮ ವೀರಬಾಹು ಅಲ್ವಾ? ಹರಿಶ್ಚಂದ್ರ ಅಲ್ಲಿ ಕೂಲಿಗೆ ಬಂದೋನು. ಸ್ವಲ್ಪ ದಿನ ಇದ್ದು ಸಿಂಹಾಸನಕ್ಕೆ ವಾಪಸ್ ಹೋದ. ನಾವು ಎಲ್ಲಿಗೆ ಹೋಗಾಣ?’

*

ಸಿಪಾಯಿಯನ್ನು ನಾವು ಎರಡೇ ಜಾಗದಲ್ಲಿ ಇಟ್ಟಿದ್ದೇವೆ. ಒಂದು ಗುಡಿ, ಇನ್ನೊಂದು ಕಟಕಟೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ದಿನಗಳಲ್ಲಿ ಕನ್ನಡನಾಡು ಅವನನ್ನು ದೇವರು ಮಾಡಿತು. ಅಂಥ ಚಳಿಯಲ್ಲಿ ಅವನೂ ಅವನ ಗೆಳೆಯರೂ ಒಬ್ಬರ ಮೇಲೊಬ್ಬರು ಜೋಕು ಮಾಡಿಕೊಂಡೇ ದಿನ ನೂಕಿರಬೇಕಲ್ಲವೇ? ಅದನ್ನು ಕೇಳುವ ತಾಳ್ಮೆ ನಮಗಿಲ್ಲ. ದೇವರು ನಗಬಾರದು. ನಕ್ಕರೆ ಗುಡಿಯಿಂದ ಎಳೆದು ಕಟಕಟೆಗೆ ನಿಲ್ಲಿಸುತ್ತೇವೆ. ನಡುವೆ ಮನುಷ್ಯ ನಿಲ್ಲಲು ಜಾಗವೇ ಇಲ್ಲ. ಇದು ನಮ್ಮ ಕೇರಿಗಳಿಗೆ ಚೆನ್ನಾಗಿ ಗೊತ್ತಿರುವ ಆಟ. ಹರಿಜನ ಎಂದು ದೇವರ ಮಕ್ಕಳು ಮಾಡಿದವರೇ ಬಾವಿಗೆ ಬಿಡಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, 2022ರಿಂದ ಅಗ್ನಿಪಥ ಬಂದಿದೆ. ನಿಮ್ಮ ತರಗತಿಯ ಹುಡುಗರು ನಾಲ್ಕು ವರ್ಷಕ್ಕೆಂದು ಹೋಗುತ್ತಾರೆ. ಯೋಜನೆಯ ಪ್ರಕಾರ ನೂರರಲ್ಲಿ ಇಪ್ಪತ್ತೈದು ಜನ ಉಳಿಯುತ್ತಾರೆ, ಮಿಕ್ಕವರು ಪಿಂಚಣಿಯಿಲ್ಲದೆ ಹೊರಬರುತ್ತಾರೆ. ಚಿಕ್ಕಪ್ಪನಿಗೆ ಗೇಟು ಸಿಗುವ ಹೊತ್ತಿಗೆ ನಲವತ್ತರ ಹತ್ತಿರ. ಈ ಹುಡುಗರಿಗೆ ಇಪ್ಪತ್ತೈದರ ಒಳಗೇ ಸಿಗುತ್ತದೆ. ಅವರೂ ನಗುತ್ತಾರೆ. ಅವರ ನಗು ನಿಮ್ಮ ಫೋನಿಗೂ ಬಂದು ಬೀಳುತ್ತದೆ. ಆಗ ಮುಂದಕ್ಕೆ ಒತ್ತುವ ಮೊದಲು ಕೇಳಿಕೊಳ್ಳಿ. ಇದನ್ನು ಆಡಿದವನು ಸಾಯುವ ಸಾಲಿನಲ್ಲಿದ್ದನೇ? ನಾನು ಇದ್ದೇನೆಯೇ? ಇದು ಹೊರಗೆ ಹೋದರೆ ಯಾರ ಅನ್ನ ಹೋಗುತ್ತದೆ, ಯಾರ ಮನೆಯ ಹೆಣ ಇನ್ನೊಮ್ಮೆ ಸುಡುತ್ತದೆ? ಹೆಸರು, ನಂಬರು, ಊರು, ಬೆಟ್ಟ ಕಾಣುವ ಯಾವುದನ್ನೂ ಮುಂದಕ್ಕೆ ತಳ್ಳಬೇಡಿ. ಹೆಮ್ಮೆಯಿಂದಲೂ ಬೇಡ. ಹೆಮ್ಮೆಯೇ ಹೆಚ್ಚು ದೂರ ಹೋಗುತ್ತದೆ.

ಜೋಕಿನ ಒಳಗಿನ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಅದನ್ನು ಅವನ ಹೆಸರಿಲ್ಲದೆ, ನಿಮ್ಮ ಹೆಸರು ಹಾಕಿ, ನಿಮ್ಮ ಬಾಯಲ್ಲಿ ಸಭೆಯಲ್ಲಿ ಕೇಳಿ, ಪತ್ರಿಕೆಯಲ್ಲಿ ಬರೆಯಿರಿ. ಸತ್ತವನ ಮನೆಗೆ ಸೈಟು ಕೊಡಿ, ಬೇಡ ಎನ್ನುವವರು ಯಾರೂ ಇಲ್ಲ. ಉಳಿದು ಬಂದವನಿಗೆ ಗೇಟು ಬಿಟ್ಟು ಬೇರೆ ಏನು ಇಟ್ಟಿದ್ದೀರಿ ಎಂದು ಕೇಳಿ. ಉತ್ತರ ಬರುವವರೆಗೆ ಆ ನಗು ಅವನದು. ಅದಕ್ಕೆ ಕೈ ಹಾಕಬೇಡಿ.